1:12 ಅಳತೆಯ ಗೊಂಬೆಮನೆ ಅಂಗಡಿಗೆ ಹಳೆಯ ಕಾಲದ ಲೇಬಲ್‌ಗಳು: ಕಾಗದ, ಅಕ್ಷರ, ಅಳತೆ

ಅಘನಾಶಿನಿ (ಕುಮಟಾ)

ಎಲ್ಲರಿಗೂ ನಮಸ್ಕಾರ. ಒಂದು ಅಡಿಯನ್ನು ಒಂದು ಇಂಚಿಗೆ ಇಳಿಸುವ 1:12 ಅಳತೆಯಲ್ಲಿ ನಮ್ಮ ಕರಾವಳಿಯ ಹಳೆಯ ಕಿರಾಣಿ ಅಂಗಡಿಯೊಂದನ್ನು ಕಟ್ಟುತ್ತಿದ್ದೇನೆ. ಹಂಚಿನ ಮಾಡು, ಹಲಗೆ ಬಾಗಿಲು, ಗಲ್ಲಾ ಪೆಟ್ಟಿಗೆ, ತಕ್ಕಡಿ ಇವೆಲ್ಲ ಒಂದು ಹದಕ್ಕೆ ಬಂದಿವೆ. ಇನ್ನು ಉಳಿದಿರುವುದು ಕಪಾಟಿನಲ್ಲಿ ಸಾಲಾಗಿ ಇಡಬೇಕಾದ ಡಬ್ಬಿ, ಬಾಟ್ಲಿ, ಭರಣಿ ಮತ್ತು ಬೆಂಕಿಪೆಟ್ಟಿಗೆಗಳಿಗೆ ಲೇಬಲ್ ಅಂಟಿಸುವ ಕೆಲಸ. ಅಂತರ್ಜಾಲದಲ್ಲಿ ಮುದ್ರಿಸಿಕೊಳ್ಳಲು ಸಿಗುವ ಲೇಬಲ್‌ಗಳ ಹಾಳೆಗಳು ಬಹುತೇಕ ಅಮೆರಿಕ, ಇಂಗ್ಲೆಂಡಿನ ಅಡುಗೆಮನೆಗಳಿಗೆ ಹೊಂದುವಂಥವು; ಬೇಕಿಂಗ್ ಪೌಡರಿನ ಆ ಡಬ್ಬಿಗಳನ್ನು ಕುಮಟೆಯ ಅಂಗಡಿಯಲ್ಲಿ ಇಟ್ಟರೆ ಯಾರೋ ಮರೆತು ಬಿಟ್ಟುಹೋದಂತೆ ಕಾಣುತ್ತವೆ. ಆದ್ದರಿಂದ ಕನ್ನಡದ ಲೇಬಲ್‌ಗಳನ್ನು ಕಂಪ್ಯೂಟರಿನಲ್ಲಿ ನಾನೇ ರಚಿಸಿ ಮುದ್ರಿಸಬೇಕೆಂದಿದ್ದೇನೆ. ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ತೆಗೆದ ಹಾಳೆಯಲ್ಲಿ ಒತ್ತಕ್ಷರಗಳು ಮಸಿಯ ಚುಕ್ಕೆಗಳಾಗಿವೆ, ಕತ್ತರಿಸಿದ ಅಂಚಿನಲ್ಲಿ ಬಿಳಿ ಗೆರೆ ಎದ್ದು ಕಾಣುತ್ತದೆ, ಅಂಟಿಸಿದ ಮೇಲೆ ಲೇಬಲ್ ರಟ್ಟಿನಷ್ಟು ದಪ್ಪ ಅನ್ನಿಸುತ್ತದೆ. ಈ ಕೆಲಸ ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಅಚ್ಚುಮೊಳೆ (ಶಿರಸಿ)

ಅಘನಾಶಿನಿಯವರೇ, ಪ್ರಿಂಟರಿನ ಮಾತು ಆಮೇಲೆ ಆಡೋಣ. ತಮ್ಮ ಅಂಗಡಿ ಯಾವ ಇಸವಿಯದು ಎನ್ನುವುದನ್ನು ಮೊದಲು ಗೊತ್ತು ಮಾಡಿಕೊಳ್ಳಿ. ‘ಹಳೆಯ ಕಾಲ’ ಎಂದಷ್ಟೇ ಇಟ್ಟುಕೊಂಡರೆ ಆಣೆಯ ಬೆಲೆ, ಗ್ರಾಮಿನ ತೂಕ, ಪಿನ್ ಕೋಡ್ ಇರುವ ವಿಳಾಸ ಮೂರೂ ಒಂದೇ ಲೇಬಲ್ಲಿನ ಮೇಲೆ ಬಂದು ಕೂರುತ್ತವೆ. ಹೀಗೆ ಮಾಡಿದ ಚೆಂದದ ಲೇಬಲ್‌ಗಳನ್ನು ನಾನು ಸಾಕಷ್ಟು ನೋಡಿದ್ದೇನೆ.

ರೂಪಾಯಿಗೆ ನೂರು ಪೈಸೆಯ ದಶಮಾನ ನಾಣ್ಯ ಚಲಾವಣೆಗೆ ಬಂದದ್ದು 1957ರ ಏಪ್ರಿಲ್ 1ರಂದು. ಅದಕ್ಕಿಂತ ಮೊದಲಿನ ಬೆಲೆಗಳನ್ನು ರೂಪಾಯಿ, ಆಣೆ, ಪೈ ಎಂಬ ಕ್ರಮದಲ್ಲಿ ನಡುವೆ ಅಡ್ಡಗೆರೆ ಇಟ್ಟು ಬರೆಯುತ್ತಿದ್ದರು. ಆರಾಣೆಯ ಡಬ್ಬಿಯ ಮೇಲೆ ‘0-6-0’ ಎಂದಿರಬೇಕು. 1957ರಿಂದ 1964ರ ಮೇ ಕೊನೆಯವರೆಗೆ ‘ನಯೇ ಪೈಸೆ’, ಆಮೇಲೆ ಬರಿಯ ‘ಪೈಸೆ’. ಕಿಲೋ, ಗ್ರಾಮುಗಳು 1958ರಿಂದ ಹಂತ ಹಂತವಾಗಿ ಬಂದವು. ಅಲ್ಲಿಯವರೆಗೆ ಸೇರು, ತೊಲೆ, ಮತ್ತು ದೊಡ್ಡ ಕಂಪನಿಗಳ ಡಬ್ಬಿಗಳ ಮೇಲೆ ಪೌಂಡು, ಔನ್ಸು. ಪಿನ್ ಕೋಡ್ 1972ರ ಆಗಸ್ಟ್ 15ಕ್ಕಿಂತ ಮೊದಲು ಇರಲೇ ಇಲ್ಲ. ರೂಪಾಯಿಯ ಈಗಿನ ಚಿಹ್ನೆ 2010ರದು, ಸಸ್ಯಾಹಾರದ ಹಸಿರು ಚುಕ್ಕೆಯೂ ಈ ಶತಮಾನದ್ದು. ಇವೆರಡನ್ನೂ ಕಂಪ್ಯೂಟರಿನ ಸಿದ್ಧ ಚಿತ್ರಗಳಿಂದ ತಿಳಿಯದೆ ಎತ್ತಿ ಹಾಕುವವರು ಬಹಳ.

ಇಸವಿಯ ಜೊತೆಗೆ ಲೇಬಲ್ ಎಲ್ಲಿ ಅಚ್ಚಾಯಿತು ಎಂಬುದೂ ಮುಖ್ಯ. ನಮ್ಮ ಕಡೆಯ ಉಪ್ಪಿನಕಾಯಿ, ಕೋಕಂ, ಚಹಾಪುಡಿ, ನಸ್ಯ, ಊದುಬತ್ತಿಗಳ ಲೇಬಲ್ ಅಚ್ಚಾಗುತ್ತಿದ್ದದ್ದು ಊರಿನ ಟ್ರೆಡಲ್ ಯಂತ್ರದಲ್ಲಿ, ಅಂದರೆ ಕಾಲಿನಿಂದ ತುಳಿದು ನಡೆಸುವ ಅಚ್ಚಿನ ಯಂತ್ರದಲ್ಲಿ. ಅಲ್ಲಿ ನಾಲ್ಕು ಬಣ್ಣದ ಚಿತ್ರ ಯಾರಿಗೂ ಎಟುಕುತ್ತಿರಲಿಲ್ಲ. ಗುಲಾಬಿ, ಹಳದಿ ಅಥವಾ ತಿಳಿಹಸಿರು ಕಾಗದದ ಮೇಲೆ ಒಂದೇ ಮಸಿ, ಸುತ್ತ ಸೀಸದ ಬಾರ್ಡರ್ ತುಂಡುಗಳನ್ನು ಜೋಡಿಸಿದ ಚೌಕಟ್ಟು, ನಡುವೆ ದೇವರದೋ ಕಮಲದ್ದೋ ಒಂದು ಬ್ಲಾಕು (ಚಿತ್ರದ ಅಚ್ಚು), ಕೆಳಗೆ ತಯಾರಕರ ಹೆಸರು. ಬಾರ್ಡರಿನ ತುಂಡುಗಳು ಮೂಲೆಯಲ್ಲಿ ಸರಿಯಾಗಿ ಕೂಡದೆ ಕೂದಲೆಳೆಯಷ್ಟು ಸಂದು ಬಿಡುತ್ತಿದ್ದವು. ಆ ಸಂದನ್ನು ತಾವು ಬೇಕೆಂದೇ ಬಿಡಿ. ಕಂಪ್ಯೂಟರ್ ಎಳೆಯುವ ಅಖಂಡ ಚೌಕಟ್ಟಿಗಿಂತ ಅದೊಂದರಿಂದಲೇ ಲೇಬಲ್ಲಿಗೆ ಪ್ರೆಸ್ಸಿನ ಕಳೆ ಬರುತ್ತದೆ. ಬಣ್ಣಬಣ್ಣದ ಕಲ್ಲಚ್ಚಿನ ಲೇಬಲ್‌ಗಳು ಮುಂಬಯಿ, ಶಿವಕಾಶಿಯಂಥ ಕಡೆಯಿಂದ ಸರಕಿನ ಜೊತೆಗೇ ಬರುತ್ತಿದ್ದವು. ಹಾಗಾಗಿ ಕಪಾಟಿನ ಅರ್ಧ ಸಾಮಾನು ಒಂದೇ ಮಸಿಯ ಬಣ್ಣದ ಕಾಗದದ್ದು, ಉಳಿದರ್ಧ ಹೊರಗಿನ ಬಣ್ಣದ ಸರಕು ಎಂದಿದ್ದರೆ ಅಂಗಡಿ ನಂಬುವಂತಿರುತ್ತದೆ.

ಇದರಿಂದ ತಮ್ಮ ಬಿಳಿ ಅಂಚಿನ ತೊಂದರೆಯೂ ಅರ್ಧದಷ್ಟು ನೀಗುತ್ತದೆ. ಬಣ್ಣ ಕಾಗದದ ಒಡಲಲ್ಲೇ ಇರುವುದರಿಂದ ಕತ್ತರಿಸಿದ ಅಂಚೂ ಗುಲಾಬಿಯಾಗಿಯೇ ಇರುತ್ತದೆ. ಬಿಲ್ ಬುಕ್ಕಿನ ಎರಡನೆಯ ಪ್ರತಿಗೆ ಬಳಸುವ ತೆಳು ಬಣ್ಣದ ಕಾಗದವನ್ನು ಪ್ರೆಸ್ಸಿನವರನ್ನು ಕೇಳಿ ನೋಡಿ. ಕತ್ತರಿಸಿ ಉಳಿದ ತುಂಡುಗಳನ್ನು ಹಣ ಕೇಳದೆಯೇ ಕೊಡುತ್ತಾರೆ.

ಕಾಳಿತೀರ (ಕಾರವಾರ)

ಅಚ್ಚುಮೊಳೆಯವರ ಮಾತಿಗೆ ಕರಾವಳಿಯ ಕಡೆಯಿಂದ ಒಂದು ಸೇರ್ಪಡೆ. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಬೇರ್ಪಟ್ಟು ಮುಂಬಯಿ ಆಡಳಿತಕ್ಕೆ ಸೇರಿತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬರುವವರೆಗೂ ಅಲ್ಲಿಯೇ ಇತ್ತು. ಕಾರವಾರ, ಕುಮಟಾ, ಹೊನ್ನಾವರಗಳಿಗೆ ಸರಕು ಸಮುದ್ರದ ದಾರಿಯಲ್ಲಿ ಬರುತ್ತಿದ್ದ ಕಾಲದಲ್ಲಿ ಅಂಗಡಿಯ ಕಪಾಟು ಬೆಂಗಳೂರಿಗಿಂತ ಮುಂಬಯಿಗೇ ಹತ್ತಿರವಾಗಿತ್ತು. ಆ ಕಾಲದ ಅಂಗಡಿಯಲ್ಲಿ ಇಂಗ್ಲಿಷ್, ಮರಾಠಿ, ಗುಜರಾತಿ ಅಕ್ಷರಗಳ ನಡುವೆ ಕನ್ನಡದ ಲೇಬಲ್ ಅಲ್ಲೊಂದು ಇಲ್ಲೊಂದು ಇರಬೇಕು. ಎಲ್ಲವೂ ಕನ್ನಡವಾದರೆ ಆಶಯ ಒಳ್ಳೆಯದಾದರೂ ಇತಿಹಾಸ ತಪ್ಪುತ್ತದೆ. ವಿಳಾಸದಲ್ಲಿ ‘ಉತ್ತರ ಕನ್ನಡ’ ಬೇಡ, ‘ನಾರ್ತ್ ಕೆನರಾ’ ಎಂದಿರಲಿ. ‘ಕರ್ನಾಟಕ’ ಎಂಬ ರಾಜ್ಯದ ಹೆಸರು 1973ರ ನವೆಂಬರಿನ ನಂತರದ್ದು.

ಈಗ ಲೆಕ್ಕಕ್ಕೆ ಬರುತ್ತೇನೆ. ಭರಣಿಯ ಮೇಲಿನ ಲೇಬಲ್ ನಿಜದಲ್ಲಿ 90 ಮಿ.ಮೀ. ಅಗಲ, 60 ಮಿ.ಮೀ. ಎತ್ತರ ಎಂದುಕೊಂಡರೆ 1:12ರಲ್ಲಿ ಅದು 7.5 ಮಿ.ಮೀ.ಗೆ 5 ಮಿ.ಮೀ. ಆಗುತ್ತದೆ. 300 ಡಿಪಿಐ (ಇಂಚಿಗೆ 300 ಚುಕ್ಕೆ) ಮುದ್ರಣದಲ್ಲಿ ಒಂದು ಮಿಲಿಮೀಟರಿಗೆ ಸುಮಾರು 12 ಚುಕ್ಕೆ, 600ರಲ್ಲಿ ಸುಮಾರು 24. ನಿಜದ ಲೇಬಲ್ಲಿನಲ್ಲಿ 15 ಮಿ.ಮೀ. ಎತ್ತರವಿದ್ದ ಶೀರ್ಷಿಕೆ 1.25 ಮಿ.ಮೀ.ಗೆ ಇಳಿದು, 600 ಡಿಪಿಐಯಲ್ಲಿ 30 ಚುಕ್ಕೆಗಳಷ್ಟು ಎತ್ತರ ಪಡೆಯುತ್ತದೆ. ಭೂತಗನ್ನಡಿ ಇಲ್ಲದೆಯೂ ಓದಬಹುದು. ಆದರೆ 3 ಮಿ.ಮೀ. ಎತ್ತರದ ವಿಳಾಸದ ಸಾಲಿಗೆ ಉಳಿಯುವುದು ಆರೇ ಚುಕ್ಕೆ. ಆರು ಚುಕ್ಕೆಯಲ್ಲಿ ಅಕ್ಷರ, ಅದರ ತಲೆಕಟ್ಟು, ಅದರ ಕೆಳಗೊಂದು ಒತ್ತು ಮೂರನ್ನೂ ಯಾವ ಪ್ರಿಂಟರೂ ಮೂಡಿಸಲಾರದು. ತಮ್ಮ ಒತ್ತಕ್ಷರಗಳು ಚುಕ್ಕೆಯಾಗಲು ಇದೇ ಕಾರಣ.

ಹಾಗಾಗಿ 600 ಡಿಪಿಐಯ ಲೇಸರ್ ಮುದ್ರಣ ಮಾಡಿಸಿ. ಅಕ್ಷರಗಳಿಗೆ ಶುದ್ಧ ಕಪ್ಪನ್ನೇ ಕೊಡಿ, ನಾಲ್ಕು ಬಣ್ಣ ಬೆರೆತ ಕಪ್ಪು ಬೇಡ. ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂಡದಿದ್ದರೆ ಇಷ್ಟು ಚಿಕ್ಕ ಅಕ್ಷರದ ಸುತ್ತ ಬಣ್ಣದ ನೆರಳು ಬೀಳುತ್ತದೆ. ರಚನೆಯನ್ನು ಜೆಪೆಗ್ ಆಗಿ ಉಳಿಸಿದರೆ ಅಕ್ಷರದ ಅಂಚಿಗೆ ಧೂಳು ಮೆತ್ತಿದಂತಾಗುತ್ತದೆ. ಇಂಕ್‌ಸ್ಕೇಪಿನಂಥ ತಂತ್ರಾಂಶದಲ್ಲಿ ರೇಖಾರೂಪದಲ್ಲೇ ಮಾಡಿ ಪಿಡಿಎಫ್ ತೆಗೆಯಿರಿ.

ಝೆರಾಕ್ಸ್ ಅಂಗಡಿಗೆ ಒಯ್ಯುವವರಿಗೆ ಎರಡು ಮಾತು ಹೇಳಬೇಕು. ಅವರ ಕಂಪ್ಯೂಟರಿನಲ್ಲಿ ತಮ್ಮ ಕನ್ನಡ ಫಾಂಟ್ ಇರುವುದಿಲ್ಲ, ಆದ್ದರಿಂದ ಅಕ್ಷರಗಳನ್ನು ರೇಖೆಗಳಾಗಿ ಪರಿವರ್ತಿಸಿಯೇ ಪಿಡಿಎಫ್ ಮಾಡಬೇಕು. ಮುದ್ರಿಸುವಾಗ ‘ಫಿಟ್ ಟು ಪೇಜ್’ ಎಂಬುದನ್ನು ತೆಗೆಸಿ ‘ಆ್ಯಕ್ಚುವಲ್ ಸೈಜ್’ ಹಾಕಿಸಬೇಕು. ಹಾಳೆಯ ಮೂಲೆಯಲ್ಲಿ 100 ಮಿ.ಮೀ. ಉದ್ದದ ಒಂದು ಗೆರೆ ಎಳೆದಿಟ್ಟಿದ್ದರೆ, ಮುದ್ರಣವಾದ ಕೂಡಲೇ ಅಲ್ಲಿಯೇ ಪಟ್ಟಿ ಇಟ್ಟು ನೋಡಬಹುದು. ಗೆರೆ 96 ಮಿ.ಮೀ. ಬಂದಿದ್ದರೆ ಡಬ್ಬಿಯ ಸುತ್ತು ಬರಬೇಕಾದ ಲೇಬಲ್ ಒಂದೂ ಕೂಡುವುದಿಲ್ಲ.

ಮಿಡಿಮಾವು (ಸಿದ್ದಾಪುರ)

ಅಳತೆಯ ಬಗ್ಗೆ ನನ್ನದು ಬೇರೆ ಅಭಿಪ್ರಾಯ. ನಿಜವಾದ ಲೇಬಲನ್ನು ಹನ್ನೆರಡು ಪಾಲು ಕುಗ್ಗಿಸಿದರೆ ಒಳ್ಳೆಯ ಚಿಕಣಿ ಲೇಬಲ್ ಆಗುವುದಿಲ್ಲ. ಕುಗ್ಗಿದ ಅಳತೆಗೆಂದೇ ಅದನ್ನು ಹೊಸದಾಗಿ ರಚಿಸಬೇಕು. ನೋಡುವವರು ಅಂಗಡಿಯ ಮುಂದೆ ಒಂದೂವರೆ ಅಡಿ ದೂರದಲ್ಲಿ ನಿಲ್ಲುತ್ತಾರೆ. ಅವರಿಗೆ ಮೊದಲು ಕಾಣುವುದು ಬಣ್ಣ, ಆಮೇಲೆ ಚೌಕಟ್ಟು, ಆಮೇಲೆ ಒಂದು ಚಿತ್ರ, ಕೊನೆಗೆ ಒಂದೇ ಒಂದು ಪದ. ಆ ಪದವನ್ನು ನಿಜದ ಪ್ರಮಾಣಕ್ಕಿಂತ ಒಂದೂವರೆ ಪಟ್ಟು ದೊಡ್ಡದಾಗಿ ಇಡುತ್ತೇನೆ, ವಿಳಾಸದ ಸಾಲನ್ನು ಬರಿಯ ಬೂದು ಗೆರೆಯಾಗಿ ಎಳೆಯುತ್ತೇನೆ. ತೀರ ಚಿಕ್ಕ ಡಬ್ಬಿಗಳಿಗೆ ಒತ್ತಿಲ್ಲದ ಪದಗಳ ಸರಕನ್ನೇ ಆರಿಸಿಕೊಳ್ಳಬಹುದು: ಚಹಾ, ಕೋಕಂ, ಅಡಿಕೆ, ಕಾಫಿಪುಡಿ. ಜೋನಿ ಬೆಲ್ಲ, ಏಲಕ್ಕಿ, ಉಪ್ಪಿನಕಾಯಿಗಳನ್ನು ದೊಡ್ಡ ಡಬ್ಬಿಗೂ ಭರಣಿಗೂ ಬಿಡಿ.

ಫಾಂಟಿನ ವಿಷಯ. ತೆಳು ದಪ್ಪಗಳ ವ್ಯತ್ಯಾಸ ಹೆಚ್ಚಿರುವ ಅಕ್ಷರ ಪರದೆಯ ಮೇಲೆ ಸುಂದರ, ಒಂದು ಮಿಲಿಮೀಟರಿನಲ್ಲಿ ಅದರ ತೆಳು ಗೆರೆಗಳು ಮಾಯ. ತೀರೊ ಕನ್ನಡ, ನೋಟೊ ಸೆರಿಫ್ ಕನ್ನಡ ಇವೆರಡೂ ಉಚಿತವಾಗಿ ಸಿಗುತ್ತವೆ, ಹಳೆಯ ಪುಸ್ತಕದ ಅಕ್ಷರಕ್ಕೆ ಹತ್ತಿರವಿವೆ. ಚಿಕ್ಕ ಲೇಬಲ್ಲಿಗೆ ಅಕ್ಷರದ ಸುತ್ತ 0.05 ಮಿ.ಮೀ. ಹೊರಗೆರೆ ಕೊಟ್ಟು ತುಸು ದಪ್ಪ ಮಾಡಿಕೊಳ್ಳಿ. ಫೋಟೋಶಾಪ್ ಬಳಸುವವರ ಒತ್ತಕ್ಷರಗಳು ಒಡೆದು ಬಂದರೆ ಅದು ಫಾಂಟಿನ ದೋಷವಲ್ಲ. ಅಕ್ಷರ ವಿನ್ಯಾಸದ ಆಯ್ಕೆಯನ್ನು ಭಾರತೀಯ ಭಾಷೆಗಳಿಗೆ ಹೊಂದುವಂತೆ ಬದಲಾಯಿಸಿಕೊಳ್ಳಬೇಕು.

ಅಚ್ಚುಮೊಳೆ (ಶಿರಸಿ)

ಮಿಡಿಮಾವು ಅವರ ಮಾತಿನಲ್ಲಿ ಹುರುಳಿದೆ, ಆದರೂ ವಿಳಾಸದ ಸಾಲನ್ನು ಬೂದು ಗೆರೆ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಮಕ್ಕಳು ಭೂತಗನ್ನಡಿ ತಂದು ನೋಡಿಯೇ ನೋಡುತ್ತಾರೆ. ಮಸುಕಾದರೂ ಅಕ್ಷರವೇ ಇದ್ದರೆ ಗೆರೆಯ ಏರಿಳಿತ ಕನ್ನಡದ್ದಾಗಿರುತ್ತದೆ, ಬರಿಯ ಗೆರೆಗೆ ಆ ಗುಣವಿಲ್ಲ. ಹಾಗೆಯೇ ಸಾಲುಗಳ ನಡುವೆ ಜಾಗ ಧಾರಾಳವಾಗಿ ಬಿಡಿ. ಮೊಳೆ ಜೋಡಿಸುವ ಕಾಲದಲ್ಲಿ ಒತ್ತುಗಳಿಗಾಗಿ ಆ ಜಾಗ ಬೇಕೇ ಬೇಕಾಗಿತ್ತು. ಕಂಪ್ಯೂಟರಿನ ಬಿಗಿಯಾದ ಸಾಲುಗಳು ಎಷ್ಟೇ ಹಳೆಯ ಫಾಂಟ್ ಹಾಕಿದರೂ ಹೊಸತಾಗಿಯೇ ಕಾಣುತ್ತವೆ.

ಅಘನಾಶಿನಿ (ಕುಮಟಾ)

ಇಷ್ಟು ವಿವರವಾಗಿ ಬರೆದುದಕ್ಕೆ ಎಲ್ಲರಿಗೂ ಕೃತಜ್ಞತೆಗಳು. 1955ರ ಆಸುಪಾಸಿನ ಅಂಗಡಿ ಎಂದು ನಿರ್ಧರಿಸಿದ್ದೇನೆ. ಬಿಲ್ ಬುಕ್ಕಿನ ಗುಲಾಬಿ, ಹಳದಿ ಕಾಗದವೂ ಸಿಕ್ಕಿದೆ, ಆದರೆ ಪ್ರಿಂಟರಿನೊಳಗೆ ಅದು ಮುದುಡಿ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಪ್ರಶ್ನೆ: ಲೇಬಲ್‌ಗಳನ್ನು ಹಳೆಯದಾಗಿ ಕಾಣಿಸಲು ಚಹಾದ ನೀರಿನಲ್ಲಿ ಅದ್ದುವ ಪದ್ಧತಿ ಇದೆಯಲ್ಲ, ಅದನ್ನು ಮಾಡಬೇಕೇ?

ಕಾಳಿತೀರ (ಕಾರವಾರ)

ತೆಳು ಕಾಗದವನ್ನು ಎ4 ಹಾಳೆಗಿಂತ ತುಸು ಚಿಕ್ಕದಾಗಿ ಕತ್ತರಿಸಿ, ಪ್ರಿಂಟರಿನೊಳಗೆ ಮೊದಲು ಹೋಗುವ ಅಂಚನ್ನು ಮಾತ್ರ ಎ4 ಹಾಳೆಯೊಂದಕ್ಕೆ ಅಂಟಿಸಿ ಕಳಿಸಿ. ಲೇಸರ್ ಯಂತ್ರವಾದರೆ ಸೆಲೋಟೇಪ್ ಖಂಡಿತ ಬೇಡ, ಒಳಗಿನ ಬಿಸಿಗೆ ಕರಗಿ ರೋಲರಿಗೆ ಮೆತ್ತಿಕೊಳ್ಳುತ್ತದೆ. ಕಾಗದದ ಟೇಪ್ ಅಥವಾ ಗ್ಲೂ ಸ್ಟಿಕ್ಕಿನ ತೆಳು ಗೆರೆ ಸಾಕು. ಅಂಗಡಿಯ ಯಂತ್ರದಲ್ಲಿ ಮಾಡುವುದಾದರೆ ಅವರನ್ನು ಕೇಳಿಯೇ ಮಾಡಿ.

ಕಾಗದ ತೆಳುವಾಗಿರಬೇಕಾದ ಕಾರಣವನ್ನೂ ಹೇಳಿಬಿಡುತ್ತೇನೆ. ಸಾಮಾನ್ಯ 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಗುವ) ಹಾಳೆಯ ದಪ್ಪ ಹೆಚ್ಚುಕಡಿಮೆ 0.1 ಮಿ.ಮೀ. ಅದನ್ನು ಹನ್ನೆರಡರಿಂದ ಗುಣಿಸಿದರೆ 1.2 ಮಿ.ಮೀ., ಅಂದರೆ ನಿಜದ ಭರಣಿಗೆ ರಟ್ಟು ಅಂಟಿಸಿದಂತೆ. ಬಿಳಿ ಕಾಗದವನ್ನೇ ಬಳಸಬೇಕಾದ ಬಣ್ಣದ ಲೇಬಲ್‌ಗಳಿಗೆ, ಮುದ್ರಣವಾದ ಮೇಲೆ ಹಾಳೆಯನ್ನು ಮಗುಚಿ ಗಾಜಿನ ಮೇಲಿಟ್ಟು, ನಯವಾದ ಉಪ್ಪುಕಾಗದದಿಂದ ಹಿಂಬದಿಯನ್ನು ಮೆಲ್ಲಗೆ ತಿಕ್ಕಿದರೆ ದಪ್ಪ ಸಾಕಷ್ಟು ಇಳಿಯುತ್ತದೆ. ಕತ್ತರಿಸಿದ ಅಂಚಿಗೆ ಅದೇ ಬಣ್ಣದ ಪೆನ್ಸಿಲನ್ನು ಹಿಂಬದಿಯಿಂದ ಓರೆಯಾಗಿ ಹಿಡಿದು ಎಳೆಯಿರಿ. ಮುಂಬದಿಯಿಂದ ಎಳೆದರೆ ಮುಖದ ಮೇಲೆ ಗೆರೆ ಬೀಳುತ್ತದೆ.

ಬಾಟ್ಲಿಯ ಸುತ್ತು ಬರುವ ಲೇಬಲ್ಲಿಗೆ ವ್ಯಾಸವನ್ನು 3.14ರಿಂದ ಗುಣಿಸಿ, ಒಂದರ ಮೇಲೊಂದು ಕೂಡಲು ಒಂದು ಮಿ.ಮೀ. ಸೇರಿಸಿ. 6 ಮಿ.ಮೀ. ವ್ಯಾಸದ ಬಾಟ್ಲಿಗೆ 20 ಮಿ.ಮೀ. ಪಟ್ಟಿ ಸರಿಹೋಗುತ್ತದೆ. ಚಿಮಣಿ ಎಣ್ಣೆಯ ನಾಲ್ಕು ಗ್ಯಾಲನ್ ಡಬ್ಬಿ ಅಂಗಡಿಯಲ್ಲಿ ಇರಲೇಬೇಕಲ್ಲ. ಅದರ ತಳ ಸುಮಾರು 20 ಮಿ.ಮೀ. ಚೌಕ, ಎತ್ತರ 30 ಮಿ.ಮೀ.ಗೆ ತುಸು ಕಡಿಮೆ ಆಗುತ್ತದೆ. ಅದಕ್ಕೆ ಕಾಗದದ ಲೇಬಲ್ ಬೇಡ, ತಗಡಿನ ಮೇಲೆಯೇ ಅಚ್ಚಾದಂತೆ ನಾಲ್ಕೂ ಬದಿಯನ್ನು ಒಂದೇ ಪಟ್ಟಿಯಲ್ಲಿ ಮುದ್ರಿಸಿ ಸುತ್ತಿ, ಹೊಳಪಿನ ವಾರ್ನಿಷ್ ಕೊಡಿ. ಭರಣಿ, ಬೆಂಕಿಪೆಟ್ಟಿಗೆಗಳ ಮೇಲೆ ಮಾತ್ರ ಹೊಳಪು ಸಲ್ಲದು.

ಮಿಡಿಮಾವು (ಸಿದ್ದಾಪುರ)

ಚಹಾದ ಬಗ್ಗೆ: ನನ್ನನ್ನು ಕೇಳಿದರೆ ಬೇಡ. ತಾವು ಮಾಡುತ್ತಿರುವುದು 1955ರಲ್ಲಿ ವ್ಯಾಪಾರ ನಡೆಯುತ್ತಿದ್ದ ಅಂಗಡಿ. ಅಂದು ಆ ಲೇಬಲ್‌ಗಳು ಹೊಸತಾಗಿಯೇ ಇದ್ದವು. ಕಪಾಟಿನ ಪ್ರತಿಯೊಂದು ಡಬ್ಬಿಯೂ ಕಂದು ಹಿಡಿದಿದ್ದರೆ ಬಾಗಿಲು ಮುಚ್ಚಿ ಎಷ್ಟೋ ವರ್ಷವಾದ ಅಂಗಡಿಯನ್ನು ನೋಡಿದಂತಾಗುತ್ತದೆ. ಕಾಗದದ ಬಿಳುಪನ್ನು ಒಂದಿಷ್ಟು ಕೆನೆಬಣ್ಣಕ್ಕೆ ತಿರುಗಿಸಿದರೆ ಸಾಕು, ಏಕೆಂದರೆ ಇಂದಿನ ಹಾಳೆಯ ನೀಲಿ ಛಾಯೆಯ ಬಿಳುಪು ಅಂದಿನ ಕಾಗದಕ್ಕಿರಲಿಲ್ಲ. ಅಟ್ಟದ ಅಂಚಿನಲ್ಲಿ ಮಾರಾಟವಾಗದೆ ಉಳಿದ ಒಂದೆರಡು ಡಬ್ಬಿಗಳನ್ನು ಬೇಕಿದ್ದರೆ ಮಾಸಲು ಮಾಡಿ. ಬಿಸಿಲಿಗೆ ಮೊದಲು ಹೋಗುವುದು ಕೆಂಪು ಮತ್ತು ಹಳದಿ. ನೀಲಿ ಮತ್ತು ಕಪ್ಪು ಉಳಿದುಕೊಳ್ಳುತ್ತವೆ. ಆ ಡಬ್ಬಿಗಳ ಚಿತ್ರದಲ್ಲಿ ಕೆಂಪು, ಹಳದಿಗಳನ್ನು ಕಂಪ್ಯೂಟರಿನಲ್ಲಿಯೇ ಇಳಿಸಿದರೆ ಚಹಾಕ್ಕಿಂತ ಸಹಜವಾಗಿರುತ್ತದೆ.

ಗೇರುಬೀಜ (ಹೊನ್ನಾವರ)

ಚಹಾ ಬೇಕೇ ಬೇಕು ಎನ್ನುವವರು ಇಂಕ್‌ಜೆಟ್ಟಿನವರಾದರೆ ಕಾಗದವನ್ನು ಮೊದಲು ಅದ್ದಿ, ಒಣಗಿಸಿ, ಇಸ್ತ್ರಿ ಮಾಡಿ, ಆಮೇಲೆ ಮುದ್ರಿಸಬೇಕು. ಲೇಸರ್ ಮುದ್ರಣ ನೀರಿಗೆ ಅಳಿಯುವುದಿಲ್ಲ, ಆದರೆ ಇಸ್ತ್ರಿಯ ಬಿಸಿಗೆ ಅದರ ಟೋನರ್ ಮತ್ತೆ ಕರಗುತ್ತದೆ. ಹಿಂಬದಿಯಿಂದ, ಮೇಲೊಂದು ಬಟ್ಟೆ ಹಾಕಿ ತಿಕ್ಕಬೇಕು.

ನಾನು ಬರೆಯಲು ಬಂದದ್ದು ಮಳೆಗಾಲದ ವಿಷಯ. ಕರಾವಳಿಯಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಲೇಬಲ್ ಕೆಲಸ ಕೆಡುವುದು ಹೆಚ್ಚಾಗಿ ತೇವದಿಂದ. ಕಾಗದ ತೇವ ಹೀರಿ ಅಲೆಯಾಗುತ್ತದೆ, ಇಂಕ್‌ಜೆಟ್ ಮಸಿ ಬೇಗ ಆರುವುದಿಲ್ಲ, ಮ್ಯಾಟ್ ವಾರ್ನಿಷ್ ಸ್ಪ್ರೇ ಹೊಡೆದರೆ ಅದರ ಮೇಲೆ ಬಿಳಿ ಮಂಜು ಕಟ್ಟಿ ಕಪ್ಪು ಅಕ್ಷರ ಬೂದಿಯಾಗುತ್ತದೆ. ಸ್ಪ್ರೇ ಕೆಲಸವನ್ನು ಮಳೆ ಬಿಟ್ಟ ಬಿಸಿಲಿನ ದಿನಕ್ಕೆ ಇಟ್ಟುಕೊಳ್ಳಿ, ಎರಡು ತೆಳು ಕೋಟು ಕೊಡಿ, ಅದು ಆರಿದ ಮೇಲೆಯೇ ಕತ್ತರಿಸಿ. ಮುದ್ರಿಸಿದ ಹಾಳೆಗಳನ್ನು ಬಿಗಿ ಮುಚ್ಚಳದ ಬಿಸ್ಕಿಟ್ ಡಬ್ಬಿಯಲ್ಲಿ, ಔಷಧದ ಬಾಟ್ಲಿಯೊಳಗೆ ಬರುವ ಸಿಲಿಕಾ ಪೊಟ್ಟಣಗಳ ಜೊತೆ ಇಡಬಹುದು.

ಅಂಟಿನಲ್ಲಿ ನೀರು ಹೆಚ್ಚಿದ್ದಷ್ಟೂ ತೆಳು ಕಾಗದ ಸುಕ್ಕುಗಟ್ಟುತ್ತದೆ. ಫೆವಿಕಾಲನ್ನು ನೀರು ಬೆರೆಸದೆ, ಬೆರಳಿಗೆ ಅಂಟಿಯೂ ಅಂಟದಷ್ಟು ಮಾತ್ರ ಡಬ್ಬಿಗೆ ಸವರಿ, ಲೇಬಲ್ಲಿಗೆ ಸವರಬೇಡಿ. ಹಳೆಯ ಕ್ರಮದ ಮೈದಾ ಅಂಟು ಇದಕ್ಕಿಂತ ಚೆನ್ನಾಗಿ ಕೂಡುತ್ತದೆ, ಲೇಬಲನ್ನು ಸರಿಸಿ ಕೂರಿಸಲು ಸಮಯವೂ ಸಿಗುತ್ತದೆ. ಆದರೆ ಅದಕ್ಕೆ ಜಿರಲೆಯೂ ಬೆಳ್ಳಿಹುಳವೂ ಬರುತ್ತವೆ.

ಅಚ್ಚುಮೊಳೆ (ಶಿರಸಿ)

ಜಿರಲೆಗೆ ಬೈಂಡಿಂಗಿನವರ ಉಪಾಯವಿದೆ. ಮೈದಾ ಅಂಟು ಕುದಿಯುವಾಗ ಒಂದು ಚಿಟಿಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕುತ್ತಿದ್ದರು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತದಿಂದ ಮಾಡುವ ಬೋರ್ಡೋ ದ್ರಾವಣ ಹೊಡೆಯುವ ಘಟ್ಟದ ಮೇಲಿನ ಮನೆಗಳಲ್ಲಿ ಅದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಆದರೆ ಅದು ವಿಷ. ಅಡುಗೆಯ ಪಾತ್ರೆ ಬೇಡ. ಕಬ್ಬಿಣ, ಅಲ್ಯೂಮಿನಿಯಂ ಪಾತ್ರೆಗಳನ್ನು ಅದು ತಿನ್ನುತ್ತದೆ. ಗೊಂಬೆಮನೆ ಚಿಕ್ಕ ಮಕ್ಕಳ ಕೈಗೆ ಹೋಗುವಂಥದ್ದಾದರೆ ಈ ಅಂಟನ್ನು ಮಾಡಲೇಬೇಡಿ, ಫೆವಿಕಾಲೇ ಇರಲಿ.

ಮಿಡಿಮಾವು (ಸಿದ್ದಾಪುರ)

ಹಳೆಯ ನಿಜವಾದ ಲೇಬಲ್‌ಗಳನ್ನು ಸ್ಕ್ಯಾನ್ ಮಾಡಿ ಕುಗ್ಗಿಸುವ ಆಲೋಚನೆ ಯಾರಿಗಾದರೂ ಇದ್ದರೆ, ಮಾರಾಟದ ಉದ್ದೇಶವಿದ್ದಾಗ ಎಚ್ಚರವಿರಲಿ. ಕರ್ತೃವಿನ ಹೆಸರಿಲ್ಲದೆ ಪ್ರಕಟವಾದ ಚಿತ್ರದ ಹಕ್ಕು ನಮ್ಮ ಕಾನೂನಿನಲ್ಲಿ ಪ್ರಕಟಣೆಯ ನಂತರ 60 ವರ್ಷಕ್ಕೆ ಮುಗಿಯುತ್ತದೆ, ಆದರೆ ವ್ಯಾಪಾರ ಚಿಹ್ನೆಯನ್ನು ಹತ್ತು ಹತ್ತು ವರ್ಷಕ್ಕೆ ನವೀಕರಿಸುತ್ತಾ ಎಷ್ಟು ಕಾಲವಾದರೂ ಉಳಿಸಿಕೊಳ್ಳಬಹುದು. ಕಲ್ಪನೆಯ ಹೆಸರುಗಳೇ ಕ್ಷೇಮ, ಅವುಗಳನ್ನು ಹುಟ್ಟಿಸುವುದರಲ್ಲಿ ಸುಖವೂ ಇದೆ. ನನ್ನ ಕಪಾಟಿನಲ್ಲಿ ‘ಎರಡು ಗಿಳಿ ಛಾಪು’ ಚಹಾ ಮತ್ತು ‘ದೀಪಸ್ತಂಭ ಛಾಪು’ ಬೆಂಕಿಪೆಟ್ಟಿಗೆ ಅಕ್ಕಪಕ್ಕದಲ್ಲಿವೆ.

ಅಘನಾಶಿನಿ (ಕುಮಟಾ)

ಮೊದಲನೆಯ ಹಾಳೆ ಸಿದ್ಧವಾಗಿದೆ. ಕೋಕಂ ಬಾಟ್ಲಿಯ ಲೇಬಲ್ಲಿನ ಒಕ್ಕಣೆ ಹೀಗಿದೆ: ಮೇಲೆ ‘ಕೋಕಂ’, ನಡುವೆ ತೆಂಗಿನ ಮರ ಮತ್ತು ದೋಣಿಯ ಬ್ಲಾಕು, ಕೆಳಗೆ ‘ಬೆಲೆ 0-10-0’, ಕೊನೆಯ ಸಾಲಿನಲ್ಲಿ ‘ಕುಮಟಾ, ನಾರ್ತ್ ಕೆನರಾ, ಮೈಸೂರು ರಾಜ್ಯ’. ಹಳದಿ ಕಾಗದ, ಕಪ್ಪು ಮಸಿ, ಮೂಲೆಗಳಲ್ಲಿ ಸಂದು ಬಿಟ್ಟಿದ್ದೇನೆ. ನೋಡಿ ಹೇಳಬೇಕು.

ಅಚ್ಚುಮೊಳೆ (ಶಿರಸಿ)

ಬಹಳ ಚೆನ್ನಾಗಿದೆ. ಕೊನೆಯ ಸಾಲನ್ನು ಮಾತ್ರ ಮತ್ತೊಮ್ಮೆ ನೋಡಿ. ಮೈಸೂರು ರಾಜ್ಯಕ್ಕೆ ನಾವು ಸೇರಿದ್ದು 1956ರ ನವೆಂಬರ್ 1ರಂದು, ಆಣೆ ಹೋಗಿ ನಯೇ ಪೈಸೆ ಬಂದದ್ದು 1957ರ ಏಪ್ರಿಲ್ 1ರಂದು. ಈ ಎರಡು ಸಾಲೂ ಒಟ್ಟಿಗೆ ಹೊಂದುವುದು ನಡುವಿನ ಐದು ತಿಂಗಳಿಗೆ ಮಾತ್ರ. ಅಂಗಡಿ 1955ರದೇ ಆಗಬೇಕಾದರೆ ‘ಮುಂಬಯಿ ರಾಜ್ಯ’ ಎಂದು ತಿದ್ದಿ.

ಅಘನಾಶಿನಿ (ಕುಮಟಾ)

ತಿದ್ದುವುದಿಲ್ಲ, ಅಂಗಡಿಯನ್ನೇ 1957ರ ಜನವರಿಗೆ ತರುತ್ತೇನೆ. ಗಲ್ಲಾ ಪೆಟ್ಟಿಗೆಯ ಹಿಂದಿನ ಗೋಡೆಯಲ್ಲಿ ಆ ತಿಂಗಳಿನ ಕ್ಯಾಲೆಂಡರ್ ಇದ್ದರೆ ನೋಡುವವರಿಗೆ ಕಾಲ ತಾನಾಗಿಯೇ ತಿಳಿಯುತ್ತದೆ. ಅದರ ಅಳತೆ ಎಷ್ಟಿರಬೇಕು?

ಕಾಳಿತೀರ (ಕಾರವಾರ)

15 ಇಂಚಿಗೆ 20 ಇಂಚಿನ ಗೋಡೆ ಕ್ಯಾಲೆಂಡರ್ ಎಂದು ಹಿಡಿದರೆ 32 ಮಿ.ಮೀ.ಗೆ 42 ಮಿ.ಮೀ. ಆಗುತ್ತದೆ. 1957ರ ಜನವರಿ 1 ಮಂಗಳವಾರ. ರವಿವಾರದಿಂದ ಆರಂಭಿಸಿದರೆ ಐದು ಸಾಲುಗಳಲ್ಲಿ ತಿಂಗಳು ಮುಗಿಯುತ್ತದೆ. 6, 13, 20, 27 ಈ ನಾಲ್ಕು ರವಿವಾರಗಳನ್ನು ಕೆಂಪಿನಲ್ಲಿ ಹಾಕಿ. 26ನೆಯ ತಾರೀಖು ಶನಿವಾರ ಬಿದ್ದಿತ್ತು, ಗಣರಾಜ್ಯೋತ್ಸವಕ್ಕಾಗಿ ಅದಕ್ಕೂ ಕೆಂಪು. ಅಂಕಿಗಳನ್ನು 1.7 ಮಿ.ಮೀ. ಎತ್ತರಕ್ಕೆ ಇಟ್ಟರೆ ಬರಿಗಣ್ಣಿಗೇ ಓದಬಹುದು. ಮೇಲಿನ ದೇವರ ಚಿತ್ರಕ್ಕೆ ಮಾತ್ರ ಬಣ್ಣದ ಮುದ್ರಣ ಬೇಕಾಗುತ್ತದೆ, ಆದ್ದರಿಂದ ಇದನ್ನು ಬಿಲ್ ಬುಕ್ಕಿನ ಕಾಗದದಲ್ಲಿ ಮಾಡದೆ ಬಿಳಿ ಹಾಳೆಯಲ್ಲಿ ಮುದ್ರಿಸಿ ಹಿಂಬದಿ ತಿಕ್ಕಿ. ಕೆಳಗಿನ ಅಂಚಿಗೂ ಮೇಲಿನ ಅಂಚಿಗೂ ಕಪ್ಪು ತಗಡಿನ ಪಟ್ಟಿಯ ಬದಲು ಕಪ್ಪು ಕಾಗದದ ಎಳೆ ಅಂಟಿಸಿದರೆ ಗಾಳಿಗೆ ಸುರುಳಿಯಾಗದು.